ಕೂತು ನೋಡುವವರು, ನಡೆದು ನೋಡುವವರು

ಬೆಳ್ಳಕ್ಕಿಗಳು ಅತ್ತ ಹೋಗುತ್ತಿಲ್ಲ, ಕಡಿದ ಗದ್ದೆಯ ತುಂಬ ಹುಳ ಹೆಕ್ಕುತ್ತಿವೆ, ನಡುವೆ ಉಳಿದಿರುವ ಆ ಕಬ್ಬಿನ ಪಟ್ಟಿಯ ಹತ್ತಿರ ಮಾತ್ರ ಒಂದೂ ಇಲ್ಲ, ಅಲ್ಲೇನು ಹುಳ ಇಲ್ಲವೇ — ಅರ್ಪಿತ ಕಾರಿನ ಗಾಜನ್ನು ಇನ್ನಷ್ಟು ಇಳಿಸಿದಳು, ಹನ್ನೊಂದರ ಬಿಸಿಲು, ಗಾಳಿಯ ಸುಳಿವಿಲ್ಲ, ತೊಣ್ಣೂರಿನ ಬೆಟ್ಟ ಬೆನ್ನು ಕಾಯಿಸಿಕೊಂಡು ಕೂತಿದೆ, ತೊಡೆಯ ಮೇಲೆ ಫೋನು ಗುರ್ರೆಂದಿತು, ಮತ್ತೆ ಅದೇ ಮೈಸೂರಿನ ಟ್ರಾವೆಲ್ಸ್ ಹುಡುಗಿ ಚೈತನ್ಯ, ಮೇಡಂ ಸಫಾರಿ ಡಿಸೈಡ್ ಮಾಡಿದ್ರಾ, ಕೀನ್ಯಾನಾ ಜಾಂಬಿಯಾನಾ, ಸರ್ ನಿಮ್ಮನ್ನೇ ಕೇಳಿ ಅಂದ್ರು. ನಿಮ್ಮನ್ನೇ ಕೇಳಿ ಅಂದರಂತೆ! ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಊಟಕ್ಕೆ ಬಸ್ಸಾರೋ ಉಪ್ಸಾರೋ ಅನ್ನುವುದು ಬಿಟ್ಟರೆ ಕುಮಾರ್ ಅವಳನ್ನು ಕೇಳಿದ್ದು ಇದೊಂದೇ, ಅದೂ ಉತ್ತರ ತನಗೆ ಬೇಕಾದದ್ದೇ ಬರಲಿ ಎಂದು ಬಾಯಿ ನೋಡುತ್ತ. ಕೀನ್ಯಾ ಅಂದರೆ ಜೀಪು, ಮಸಾಯ್ ಮಾರಾದ ಬಯಲು, ಮೇಲಿನ ಮುಚ್ಚಳ ತೆಗೆದ ಗಾಡಿಯಲ್ಲಿ ನಿಂತು ದೂರದ ಸಿಂಹಕ್ಕೆ ಕೈಬೀಸಿ ವಾಪಸ್ಸು ಬಂದು ಊಟ ಮಾಡುವುದು. ಜಾಂಬಿಯಾ ಅಂದರೆ ಲುವಾಂಗ್ವಾ ಹೊಳೆದಂಡೆ, ಗಾಡಿ ಬಿಟ್ಟು ಇಳಿದು, ಬಂದೂಕಿನವನ ಹಿಂದೆ ಸಾಲಾಗಿ, ಹುಲ್ಲಿನೊಳಗೆ, ಕಾಲ್ನಡಿಗೆ. ಚೈತನ್ಯ ಮೊದಲ ದಿನವೇ ಒಂದು ಪಟ್ಟಿ ಕಳಿಸಿದ್ದಳು, ನಿಮ್ಮ ಟ್ರಾವೆಲ್ ಸ್ಟೈಲ್ ಯಾವುದು ಅಂತ ತಿಳ್ಕೊಳ್ಳೋಕೆ ಮೇಡಂ, ಸಿಂಪಲ್, ಕೂತು ನೋಡೋರಾ, ನಡೆದು ನೋಡೋರಾ. ಅರ್ಪಿತಳ ಸ್ಟೈಲು ಅಂದರೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು, ಇಳಿಯುವ ತನಕ ಏಳದೇ ಇರುವುದು. ಅದಕ್ಕೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಕುಮಾರನಿಗೆ ಜಾಂಬಿಯಾ, ಅದು ಊರಿಗೇ ಗೊತ್ತು, ಶ್ರೀರಂಗಪಟ್ಟಣದ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಟೀವಿಗೆ ಫೋನು ಸಿಕ್ಕಿಸಿ ಕಾಲ್ನಡಿಗೆಯ ವಿಡಿಯೋ ಹಾಕುತ್ತಾನೆ, ನೋಡಮ್ಮಿ, ಓಡಂಗಿಲ್ಲ, ಕೂಗಂಗಿಲ್ಲ, ನಿಂತ್ಕೊಂಡ್ಬುಟ್ರೆ ಅದೇ ಒಂಟೋಯ್ತದೆ, ನಾಯಿ ಹೆಜ್ಜೇಲಿ ಉಗುರು ಕಾಣ್ತದೆ, ಚಿರತೆ ಹೆಜ್ಜೇಲಿ ಕಾಣಾಕಿಲ್ಲ, ಉಗುರು ಒಳಕ್ಕೆ ಎಳ್ಕೊಂಡು ನಡೀತದೆ ಅದು, ಎಂಗೆ. ಎಂಗೆ ಅಂದರೆ ಹೂಂ ಅನ್ನಬೇಕು. ಖಾಕಿ ಟೋಪಿಯೂ ಬಂದಿದೆ, ಸೆಪ್ಟೆಂಬರಿನ ಪ್ರವಾಸದ ತನಕ ತಡೆಯಲಾರದೆ ಇವತ್ತೇ ಹಾಕಿಕೊಂಡಿದ್ದಾನೆ, ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿರುವ ಕಬ್ಬು ಕಡಿಯುವವರು ಅವನನ್ನು ನೋಡಿ ಮುಸಿಮುಸಿ ನಗುತ್ತಿದ್ದಾರೆ, ನಗಲಿ, ನಗುವುದು ಒಳ್ಳೆಯದೇ, ಆದರೆ ಅವರು ಯಾಕೆ ಇಷ್ಟು ಬೇಗ ಕೂತರು, ಹನ್ನೆರಡು ಸಾಲು ಉಳಿಸಿ ಯಾರಾದರೂ ಊಟಕ್ಕೆ ಕೂರುತ್ತಾರೆಯೇ, ಮುಗಿಸಿಯೇ ಏಳುವ ಜನ ಇವರು. ಮುಗಿದರೆ ಒಂದಕ್ಕೆ ಹೊರಟು ಮೈಸೂರು, ಪಾಸ್‌ಪೋರ್ಟ್ ಕೊಟ್ಟು ಸಹಿ ಹಾಕಿ ಬರುವುದು, ಅದಕ್ಕೇ ತಾನೇ ಎರಡು ಗ್ಯಾಂಗು. ಬೆಳಗ್ಗೆ ಏಳಕ್ಕೆ ಮೇಸ್ತ್ರಿ ಚೌಡಯ್ಯನ ಫೋನು, ಕುಮಾರ್ ಸ್ನಾನಕ್ಕೆ ಹೋಗಿದ್ದ, ಅವಳೇ ಎತ್ತಿದಳು, ಅಕ್ಕಾ, ಇನ್ನೊಂದು ಗ್ಯಾಂಗು ಬಂದದೆ, ಎಲ್ಲಿಂದ ಸುರು ಮಾಡಿಸ್ಲಿ, ಊರ ಕಡೆಗೇ ಸೇರಿಸ್ಲಾ ಬೆಟ್ಟದ ಕಡೆಯಿಂದ ಬುಡ್ಲಾ. ಬೆಟ್ಟದ ಕಡೆಯಿಂದ್ಲೂ ಬುಡಿ ಚೌಡಯ್ಯ, ಬೇಗ ಮುಗೀಲಿ. ದೊಡ್ಡಗೌಡ್ರು ಇದ್ದಾಗ ಆ ಕಡೆ ಮುಟ್ಟುಸ್ತಿರ್ಲಿಲ್ಲ ಅಕ್ಕಾ. ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲವೇ, ಮಾವ ಬೋರಯ್ಯ ಸಾಯುವ ವರ್ಷದ ತನಕವೂ ಊರ ಕಡೆಯಿಂದಲೇ ಕುಡುಗೋಲು ಹಾಕಿಸುತ್ತಿದ್ದರು, ಒಂದೇ ದಿಕ್ಕಿನಿಂದ, ಬೆಟ್ಟದ ಕಡೆಗೆ ಮುಖ ಮಾಡಿ, ವರ್ಷವೆಲ್ಲ ಒಳಗೆ ಸೇರ್ಕೊಂಡಿರೋವು ಆ ಕಡೆ ಒಂಟೋಗ್ಲಿ ಕಣವ್ವ, ಅವುಕ್ಕೂ ಒಂದು ದಾರಿ ಬುಡ್ಬೇಕು. ಹಾವು, ಮುಂಗುಸಿ, ಹಂದಿ. ದಾರಿ ಬಿಡಲಿಲ್ಲ ಅವಳು. ಎರಡೂ ಕಡೆಯಿಂದ ಕಡಿಯುತ್ತ ಬಂದರು, ಅತ್ತಲೂ ಬಯಲು, ಇತ್ತಲೂ ಬಯಲು, ಆ ತುದಿಗೆ ನಾಲೆ, ಈ ತುದಿಗೆ ರಸ್ತೆ, ನಡುವೆ ಹನ್ನೆರಡು ಸಾಲು.

ನಿನ್ನೆ ಸಂಜೆ ನಾಲೆಯ ಮೆಟ್ಟಿಲಲ್ಲಿ ಕಾಲು ತೊಳೆಯುವಾಗ ಕೆಸರಿನಲ್ಲಿ ಹೆಜ್ಜೆ ಕಂಡಿತ್ತು, ದುಂಡಗೆ, ಅಂಗೈಯಗಲ, ಬಗ್ಗಿ ಉಗುರು ಹುಡುಕಿದಳು, ಉಗುರಿರಲಿಲ್ಲ, ಅದರ ಪಕ್ಕದಲ್ಲೇ ಸಣ್ಣವು, ಬೆಕ್ಕಿನಷ್ಟೇ, ಎರಡು ಜೊತೆ, ಅಮ್ಮನ ಹಿಂದೆ ಸ್ಕೂಲಿಗೆ ಹೊರಟ ಹಾಗೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ ಹೇಳಿದ್ದರೆ ಕುಮಾರ್ ಟಾರ್ಚು ಹಿಡಿದು ಆಗಲೇ ಹೊರಡುತ್ತಿದ್ದ, ಮೈಸೂರು ಮರೆತು, ಜಾಂಬಿಯಾ ಮರೆತು, ಅದಕ್ಕೇ ಬಾಯಿ ಮುಚ್ಚಿಕೊಂಡಳು, ಬೇಗ ಕಡಿಸಿಬಿಟ್ಟರೆ ಗಲಾಟೆಗೆ ಅದೇ ಹೋಗುತ್ತದೆ ಅಂದುಕೊಂಡಳು, ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ, ಇಪ್ಪತ್ತೆರಡು ಜನರ ಕೈಗೆ ಕುಡುಗೋಲು ಕೊಟ್ಟು ಮರಿಗಳ ತಾಯಿಯ ಸುತ್ತ ಕಳಿಸಿದ್ದಾಳೆ, ಟೀಚರಮ್ಮ ಬೇರೆ, ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು! ಹಾಳಾದವಳು ನಾನು, ಹಾಳಾದವಳು. ದೇವಲಾಪುರದ ತವರಿನಲ್ಲಿ ಒಂಬತ್ತು ವರ್ಷದವಳು ಬಂಡೆಯ ಮೇಲೆ ಕೂತು ಕುರಿ ಕಾಯುತ್ತಿದ್ದಾಗ ಲಂಟಾನದ ಪೊದೆ ಒಂದೇ ಕಡೆ ಅಲ್ಲಾಡಿತ್ತು, ಗಾಳಿ ಇರಲಿಲ್ಲ, ಅವಳು ಬಾಯಿ ಬಿಟ್ಟುಕೊಂಡು ನೋಡಿದಳು, ಅಲ್ಲಾಡುವುದು ನಿಂತಿತು, ಆಮೇಲೆ ಎಣಿಸಿದರೆ ಒಂದು ಕುರಿ ಇಲ್ಲ. ಅವ್ವ ಬೆನ್ನಿಗೆ ಗುದ್ದಲಿಲ್ಲ, ಬಯ್ಯಲಿಲ್ಲ, ನೋಡ್ತಾ ಕೂತಿದ್ಯೇನೆ ಅಂದಳು ಅಷ್ಟೆ.

ಅಗೋ — ಎಡಗಡೆಯಿಂದ ಮೂರನೇ ಸಾಲೋ ನಾಲ್ಕನೆಯದೋ, ಕಬ್ಬಿನ ತುದಿಯ ಸೋಗೆ ಅಲ್ಲಾಡಿತು, ಸುತ್ತಲ ಸೋಗೆಯೆಲ್ಲ ಸುಮ್ಮನಿದೆ, ಅದೊಂದೇ, ತಲೆ ಕೊಡವಿದಂತೆ, ನಿಂತಿತು, ಈಗ ಅದರ ಮುಂದಿನದು. ಚೌಡಯ್ಯ ಕುಮಾರನಿಗೆ ಏನೋ ಹೇಳುತ್ತಿದ್ದಾನೆ, ಇಲ್ಲಿಗೂ ಕೇಳಿಸುತ್ತಿದೆ, ಒಳಗೆ ಏನೋ ಐತೆ ಅಣ್ಣ, ಹಂದಿ ಇರ್ಬೇಕು, ಹೆಣ್ಣಾಳುಗಳು ಒಳಕ್ಕೆ ಹೋಗಕಿಲ್ಲ ಅಂತಾವ್ರೆ, ಉಂಡ್ಬುಟ್ಟು ತಮಟೆ ತರುಸ್ತೀನಿ, ಬಡುದ್ರೆ ಒಂಟೋಯ್ತದೆ. ತಮಟೆ ಯಾಕ್ಲಾ, ನಾನೇ ನೋಡ್ಕೊಂಡು ಬತ್ತೀನಿ ಬುಡು, ಎಂದ ಕುಮಾರ್, ಕಾರಿನ ಕಡೆ ತಿರುಗಿ ಫೋನು ಎತ್ತಿ ತೋರಿಸಿದ, ಜಾಂಬಿಯಾಕ್ಕೆ ಪ್ರಾಕ್ಟೀಸು ಕಣಮ್ಮಿ! ಎಲ್ಲರೂ ನಕ್ಕರು, ಅವಳೂ ನಕ್ಕಳು, ದೇವರೇ, ನಕ್ಕೇಬಿಟ್ಟಳು, ಈಗ ಹೇಳು, ಈಗಲೇ, ರೀ ಚಿರತೆ ಅಂದರೆ ಸಾಕು, ಎರಡೇ ಮಾತು, ಆದರೆ ಚಿರತೆ ಅಂದ ಕೂಡಲೇ ನಿಂಗೆಂಗೆ ಗೊತ್ತು ಅನ್ನುತ್ತಾರೆ, ನಿನ್ನೆಯೇ ಕಂಡೆ ಅನ್ನಬೇಕು, ಕಂಡೂ ನಮ್ಮನ್ನ ಒಳಗೆ ಬುಟ್ಟ್ಯೇನವ್ವ ಎಂದು ಆ ಹೊಂಗೆಮರದ ಕೆಳಗಿನ ಇಪ್ಪತ್ತೆರಡು ಮುಖ ತನ್ನ ಕಡೆ ತಿರುಗುತ್ತವೆ, ಅಷ್ಟರಲ್ಲಿ ಖಾಕಿ ಟೋಪಿ ಹೊರಟಿತು, ಹೊಸದಾಗಿ ಕಡಿದ ಕೂಳೆಯ ಮೇಲೆ ಒಂದೊಂದೇ ಹೆಜ್ಜೆ, ವಿಡಿಯೋದವರ ಹಾಗೆ ಮೊದಲು ಹಿಮ್ಮಡಿ ಆಮೇಲೆ ಬೆರಳು, ಸದ್ದಿಲ್ಲದೆ, ಸದ್ದು ಮಾಡೋ ಮಾರಾಯ, ಕೆಮ್ಮು, ಹಾಡು, ಬಯ್ಯಿ, ಸೋಗೆ ಅಲ್ಲಾಡುತ್ತಿದೆ, ಅವನಿಗೆ ಕಾಣದು, ಅವನು ಫೋನಿನೊಳಗೆ ನೋಡುತ್ತಿದ್ದಾನೆ, ಫೋನಿನಲ್ಲಿ ಎಲ್ಲವೂ ದೂರ ಇರುತ್ತದೆ. ಅವಳ ಫೋನು ಮತ್ತೆ ಗುರ್ರೆಂದಿತು. ಮೇಡಂ ಕನ್ಫರ್ಮ್ ಮಾಡ್ಲಾ.

ಬಾಗಿಲು ತೆರೆದು ಓಡಲೇ, ಓಡಿದರೆ ಅದೂ ಓಡುತ್ತದೆ, ಯಾವ ಕಡೆ ಓಡುತ್ತದೆ, ಎಲ್ಲ ಕಡೆ ಕಡಿಸಿದ್ದೀಯಲ್ಲ, ಕೂಗಲೇ, ಏನೆಂದು ಕೂಗಲಿ, ಕೂತರೂ ತಪ್ಪು ಎದ್ದರೂ ತಪ್ಪು, ನೋಡ್ತಾ ಕೂತಿದ್ಯೇನೆ — ಇಲ್ಲವ್ವ, ಇಲ್ಲ, ಈ ಸಲ ಇಲ್ಲ, ಪಕ್ಕಕ್ಕೆ ವಾಲಿ ಎರಡೂ ಅಂಗೈ ಸ್ಟೇರಿಂಗಿನ ನಡುವೆ ಇಟ್ಟು ಒತ್ತಿದಳು, ಹಾರನ್ನು ಬಯಲಿಗೆಲ್ಲ ಕೇಳಿಸಿತು, ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು, ಹೊಂಗೆಮರದ ಕೆಳಗೆ ತುತ್ತುಗಳು ಅರ್ಧದಲ್ಲಿ ನಿಂತವು, ಕುಮಾರ್ ನಿಂತ, ತಿರುಗಿದ, ಕಬ್ಬಿಗೆ ಪೂರ್ತಿ ಬೆನ್ನು ಹಾಕಿ ಅವಳ ಕಡೆ ತಿರುಗಿದ, ಸಿಟ್ಟಿಲ್ಲ, ನಗುತ್ತಿದ್ದಾನೆ, ತುಟಿಯ ಮೇಲೆ ಬೆರಳಿಟ್ಟ, ಶ್ ಎಂದಂತೆ, ಬೆರಳು, ನಗು, ಟೋಪಿ, ಟೋಪಿಯ ಹಿಂದೆ ಸೋಗೆ, ಇಷ್ಟು ಹೊತ್ತು ಅಲ್ಲಾಡುತ್ತ ಬಂದ ಸೋಗೆ, ಅವನ ಬೆನ್ನಿಗೆ ಒಂದು ಮಾರು ದೂರದಲ್ಲಿ, ಸೋಗೆ ಅಲ್ಲಾಡುವುದು ನಿಂತಿತು, ಅವನ ಬೆರಳು ತುಟಿಯ ಮೇಲೆ, ಅದರ ಹಿಂದೆ ಸೋಗೆ, ಸೋಗೆ ಅಲ್ಲಾಡುತ್ತಿಲ್ಲ, ಸೋಗೆ ಅಲ್ಲಾಡುತ್ತಿಲ್ಲ