ಗುಂಡನ ಬೆಳಗಿನ ಇಂಜೆಕ್ಷನ್

ದರ್ಜಿಯೂ ಅವನ ಹೆಂಡತಿಯೂ ಮಾತು ಬಿಟ್ಟು ಇಪ್ಪತ್ತೆರಡು ದಿನವಾಗಿತ್ತು. ಅವಳ ತಾಯಿಯ ಹಳೇ ಮಂಚವನ್ನು ಇವನು ಒಂದು ಮಾತೂ ಕೇಳದೆ ಗುಜರಿಗೆ ಹಾಕಿದ್ದೇ ಕಾರಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇಲ್ಲಿ ಉಂಡದ್ದಾಯಿತು, ಮಲಗಿದ್ದಾಯಿತು, ಜಗಳ ಮಾತ್ರ ಕಣ್ಣು ಮುಚ್ಚಲಿಲ್ಲ.

ಆದರೂ ಮನೆ ನಡೆಯಬೇಕಲ್ಲ? ಅದಕ್ಕೆ ನಾಯಿ ಗುಂಡನಿದ್ದ. "ಗುಂಡ, ಊಟ ಆರ್‍ತಿದೆ ಅಂತ ಹೇಳು" ಎನ್ನುವಳು ಅವಳು. ಹಾಲು ಮುಗಿದಿದೆ ಎಂದು ಇವನೂ ಗುಂಡನಿಗೇ ವರದಿ ಒಪ್ಪಿಸುವನು. ಹೆಸರಿಗಷ್ಟೇ ಗುಂಡ, ಸಕ್ಕರೆ ಕಾಯಿಲೆ ಬಂದ ಮೇಲೆ ಪಕ್ಕೆಲುಬು ಎಣಿಸಬಹುದಿತ್ತು. ಮಕ್ಕಳಿಲ್ಲದ ಮನೆಗೆ ಅವನೇ ಮಗ. ದಿನಕ್ಕೆರಡು ಸಲ, ತಿಂದ ಮೇಲೆ, ಇನ್ಸುಲಿನ್ ಕೊಡಬೇಕು. ಬೆಳಗಿನದು ದರ್ಜಿಯ ಪಾಲು, ಸಂಜೆಯದು ಅವಳದು.

ಅಂದು ದರ್ಜಿ ತಡವಾಗಿ ಎದ್ದ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಕೆಲಸಕ್ಕೆ ಹೊರಟುಹೋಗಿದ್ದಳು. ಗುಂಡನ ತಟ್ಟೆ ಖಾಲಿಯಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಸ್ಪಿರಿಟ್ಟಿನ ಒದ್ದೆ ಹತ್ತಿಯೊಂದು ಬಿದ್ದಿತ್ತು. ಇವಳೇ ಚುಚ್ಚಿ ಹೋದಳೋ ಹೇಗೆ? ಫೋನು ಕೈಗೆತ್ತಿಕೊಂಡ. ನಾನ್ಯಾಕೆ ಮೊದಲು ಮಾತಾಡಲಿ ಎಂದು ಕೆಳಗಿಟ್ಟ. ನಿನ್ನೆಯ ಹತ್ತಿಯಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಕುತ್ತಿಗೆಯ ಚರ್ಮ ಎತ್ತಿ ಹಿಡಿದು ಚುಚ್ಚಿದ. ಗುಂಡ ಅವನ ಕೈ ನೆಕ್ಕಿದ.

ಎರಡು ಗಂಟೆಯ ಮೇಲೆ ಗುಂಡ ಕುಡಿದವನಂತೆ ತೂರಾಡಿ, ಹೊಲಿಗೆ ಮಿಷನ್ನಿನ ಬಳಿ ಬಿದ್ದ. ನಾಲ್ಕೂ ಕಾಲು ಗಾಳಿಯಲ್ಲಿ ಓಡುತ್ತಿದ್ದವು, ಬಾಯಲ್ಲಿ ನೊರೆ. ದರ್ಜಿ ಅಡುಗೆಮನೆಗೆ ಧಾವಿಸಿದ. ಗುಂಡನ ವಸಡಿಗೆ ಜೇನುತುಪ್ಪ ಸವರಿ, ಯಾರದೋ ಅರ್ಧ ಹೊಲಿದ ಕೋಟಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದ. ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿದ. ಆಗ ಮಾತು ಸಲೀಸಾಗಿ ಬಂತು.

ಫಿಟ್ಸ್ ನಿಲ್ಲಲೇ ಇಲ್ಲ. ಅವಳು ಏದುಸಿರು ಬಿಡುತ್ತ ಬಂದಾಗ ಗುಂಡ ಮೇಜಿನ ಮೇಲೆ ತಣ್ಣಗಾಗಿದ್ದ. ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಹೋಗಿತ್ತೆಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಇಂಜೆಕ್ಷನ್ ಕೊಟ್ಟವರು ಯಾರೆಂದು ಕೇಳಿದರು. ಇಬ್ಬರೂ ಒಟ್ಟಿಗೆ ನಾನು ಎಂದರು.

ಅವಳು ಗುಂಡನ ಕಿವಿಯನ್ನು ಸವರುತ್ತ ನಿಂತಳು. ಆಮೇಲೆ ಗಂಡನತ್ತ ತಿರುಗಿದಳು.

"ತಪ್ಪು ನಂದೇ ಕಣ್ರೀ. ಕೊಟ್ಟಿದ್ದೀನಿ ಅಂತ ಒಂದ್ ಮಾತು ಹೇಳಿ ಹೋಗ್ಬೇಕಿತ್ತು. ನಿಮಗೆ ಹೇಗೆ ಗೊತ್ತಾಗ್ಬೇಕು?"

ಒದ್ದೆ ಹತ್ತಿಯನ್ನು ನೋಡಿದ್ದೆ ಎನ್ನಲು ದರ್ಜಿ ಬಾಯಿ ತೆರೆದ. ಅವಳು ಅಳುತ್ತ ಅವನ ಹೆಗಲಿಗೆ ತಲೆಯಿಟ್ಟಳು. ಅವನು ತೆರೆದ ಬಾಯಿ ಮುಚ್ಚಿಕೊಂಡು ಅವಳ ಬೆನ್ನು ತಟ್ಟಿದ.