ಅವಧಿ ಮುಗಿದ ನಾಲ್ಕು ಡಿಸ್ಕುಗಳು

ಪರೀಕ್ಷೆ ಇದ್ದದ್ದು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಏಳಕ್ಕೇ ಲೆಕ್ಕದಕ್ಕ ತನ್ನ ಲ್ಯಾಪ್‌ಟಾಪನ್ನು ತೊಳೆದು ಮುಗಿಸಿದ್ದಳು. ನೀರು ಹಾಕಿ ಅಲ್ಲ, ಅಷ್ಟು ಬುದ್ಧಿ ಅವಳಿಗಿತ್ತು. ಆದರೆ ನೀರು ಹಾಕಿದ್ದರೂ ಇಷ್ಟು ಅನಾಹುತ ಆಗುತ್ತಿರಲಿಲ್ಲವೇನೋ.

ಲೆಕ್ಕದಕ್ಕ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಶಸ್ತ್ರಚಿಕಿತ್ಸೆಗೆ ಬೇಕಾದ ಕತ್ತರಿ, ಇಕ್ಕಳ, ಚಿಮಟಗಳನ್ನು ತೊಳೆದು, ಎಣಿಸಿ, ಪೊಟ್ಟಣ ಕಟ್ಟಿ, ಹಬೆಯಲ್ಲಿ ಬೇಯಿಸಿ ಕಳಿಸುವ ಕೋಣೆಯೊಂದು ಅಲ್ಲಿದೆ. ಅದರಲ್ಲಿ ಎಣಿಸುವವಳು ಇವಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಕತ್ತರಿಯೂ ಅವಳ ಲೆಕ್ಕ ತಪ್ಪಿಸಿ ಹೋಗಿಲ್ಲ. ಒಳ್ಳೆಯದೇ. ಕಷ್ಟ ಏನೆಂದರೆ ಆ ಶಿಸ್ತನ್ನು ಅವಳು ಆಸ್ಪತ್ರೆಯ ಗೇಟಿನಲ್ಲಿ ಬಿಟ್ಟು ಬರುವವಳಲ್ಲ. ಮನೆಯಲ್ಲಿ ಸಕ್ಕರೆ ಡಬ್ಬಕ್ಕೂ ತಾರೀಖು, ಸಾಬೂನಿಗೂ ತಾರೀಖು. ಒಮ್ಮೆ ಗಂಡ ಅವಧಿ ಮುಗಿದ ಬಿಸ್ಕತ್ತು ತಿಂದು ಎರಡು ದಿನ ಉಪನ್ಯಾಸ ಕೇಳಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದ ಆ ಮನುಷ್ಯ ಯಾವ ಪೊಲೀಸಿಗೂ ಹೆದರಿದವನಲ್ಲ. ಬಿಸ್ಕತ್ತಿನ ಪೊಟ್ಟಣಕ್ಕೆ ಹೆದರಲು ಕಲಿತಿದ್ದ.

ಆ ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಮುಂಚೆ ಎಲ್ಲ ಚೊಕ್ಕಟವಾಗಿರಲಿ ಎಂದು ಲೆಕ್ಕದಕ್ಕ ಲ್ಯಾಪ್‌ಟಾಪಿನೊಳಗೆ ಕಣ್ಣು ಹಾಯಿಸಿದಳು. ಕಡತಗಳನ್ನಿಡುವ ಪೆಟ್ಟಿಗೆಗಳಲ್ಲಿ ಒಂದು ತುಂಬಿ ತುಳುಕಿ ಕೆಂಪಗಾಗಿತ್ತು. ಅದರಲ್ಲಿ ಅವಳು ಇಟ್ಟದ್ದೇನೂ ಇರಲಿಲ್ಲ. ತಾನು ಇಡದ ವಸ್ತು ತನ್ನ ತಟ್ಟೆಯಲ್ಲಿದ್ದರೆ ಅದು ಕೊಳೆಯೇ ಎನ್ನುವುದು ಅವಳ ಕೆಲಸದ ಮೊದಲ ಪಾಠ. ಅಳಿಸಿದಳು. ಪಕ್ಕದಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ ಹೆಸರೇ ಇಲ್ಲದೆ ಕೂತಿತ್ತು. ‘ನಿಜವಾಗಿಯೂ ಅಳಿಸಬೇಕೆ?’ ಎಂದು ಯಂತ್ರ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದಳು. ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ಗೀಟು.

ಸಂಜೆಯದು ಸುಮ್ಮನೆ ಬರೆಯುವ ಪರೀಕ್ಷೆಯಾಗಿರಲಿಲ್ಲ. ಪ್ರಮಾಣಪತ್ರ ಇಲ್ಲದವರು ಮುಂದಿನ ತಿಂಗಳಿಂದ ಉಪಕರಣ ಮುಟ್ಟುವಂತಿಲ್ಲ, ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಮಡಿಸಬೇಕು ಎಂದು ಆಸ್ಪತ್ರೆ ಹೊಸ ನಿಯಮ ಮಾಡಿತ್ತು. ಹಿಂದಿನ ಸಲ ಎರಡೇ ಅಂಕದಲ್ಲಿ ಜಾರಿದ್ದಳು. ಇವತ್ತಿನದು ಕೊನೆಯ ಅವಕಾಶ. ಪರೀಕ್ಷೆಯನ್ನು ಮನೆಯಿಂದ, ಮೊದಲೇ ನೋಂದಾಯಿಸಿದ ಲ್ಯಾಪ್‌ಟಾಪಿನಲ್ಲೇ ಬರೆಯಬೇಕು, ಬೇರೆ ಯಂತ್ರ ನಡೆಯದು ಎಂದು ಪರೀಕ್ಷೆ ನಡೆಸುವವರು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಅವರ ಕಚೇರಿಗೆ ಫೋನು ಮಾಡೋಣವೆಂದರೆ ಭಾನುವಾರ ರಜೆ. ಕತ್ತರಿಗಳನ್ನು ಬಿಟ್ಟು ಬದುಕುವುದು ಹೇಗೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿ ಅರ್ಧ ಗಂಟೆ ಸಂಗೀತ ಕೇಳಿಸಿ ಕೊನೆಗೂ ಬಾಯಿಬಿಟ್ಟಿತು. ಅತ್ತ ಇದ್ದ ಹುಡುಗಿ ಎಲ್ಲ ಕೇಳಿಸಿಕೊಂಡಳು.

“ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕ್ಬೇಕು ಮೇಡಂ.”

“ಹಾಕೋಣ. ಆದ್ರೆ ಅಂಗಡಿಯವರು ಡಿಸ್ಕೇ ಕೊಟ್ಟಿಲ್ಲ.”

“ಆ ಮಾಡೆಲ್ ಜೊತೆ ಡಿಸ್ಕ್ ಕೊಡಲ್ಲ. ಅದರೊಳಗೇ ಒಂದು ಭಾಗದಲ್ಲಿ ಎಲ್ಲಾ ತುಂಬಿಟ್ಟಿರ್ತಾರೆ, ಅಲ್ಲಿಂದಲೇ ಹಾಕ್ಕೋಬಹುದು.”

“ಆ ಭಾಗ ಕೆಂಪಗಿರುತ್ತಾ?”

“ತುಂಬಿರೋದ್ರಿಂದ ಕೆಂಪಗೇ ಕಾಣುತ್ತೆ.”

“ಅದನ್ನ ನಾನು ತೊಳೆದುಬಿಟ್ಟೆ,” ಎಂದಳು ಲೆಕ್ಕದಕ್ಕ, ಸಣ್ಣ ದನಿಯಲ್ಲಿ.

ಹುಡುಗಿ ನಗಲಿಲ್ಲ, ಪುಣ್ಯಾತ್ಗಿತ್ತಿ. “ಕೊಂಡ ದಿನ ಆನ್ ಮಾಡಿದಾಗ, ನಾಲ್ಕು ಖಾಲಿ ಡಿಸ್ಕ್ ಹಾಕಿ ಒಂದು ಪ್ರತಿ ಮಾಡಿಟ್ಕೊಳ್ಳಿ ಅಂತ ಕೇಳಿರುತ್ತೆ. ಎಲ್ರೂ ‘ಆಮೇಲೆ’ ಅಂತ ಒತ್ತಿಬಿಡ್ತಾರೆ…”

“ಎಲ್ಲರ ವಿಷಯ ನಂಗೆ ಹೇಳ್ಬೇಡಿ. ನಾನು ಮಾಡಿಟ್ಟಿದೀನಿ!”

ಹೋದ ಜೀವ ಬಂದಂತಾಗಿ ಲೆಕ್ಕದಕ್ಕ ಬೀರುವಿನ ಕೆಳಖಾನೆ ಎಳೆದಳು. ಪೊಟ್ಟಣ ಇತ್ತು. ಆಸ್ಪತ್ರೆಯಲ್ಲಿ ಇಕ್ಕಳ ಕಟ್ಟುವಂಥದೇ ಪಾರದರ್ಶಕ ಪೊಟ್ಟಣ, ಮೇಲೆ ಅವಳದೇ ಗುಂಡು ಅಕ್ಷರ: ‘ಡಿಸ್ಕ್, ನಾಲ್ಕು.’ ಕೆಳಗೆ ಕಟ್ಟಿದ ದಿನ. ಅದರ ಕೆಳಗೆ ಕೈಗೆ ಅಂಟಿದ ಅಭ್ಯಾಸದಂತೆ ಆರು ತಿಂಗಳ ಅವಧಿ. ಪೊಟ್ಟಣ ಮಾತ್ರ ಬರಿದಾಗಿತ್ತು.

“ರೀ! ಇದರಲ್ಲಿದ್ದಿದ್ದು ಎಲ್ಲಿ?”

ಗಂಡ ಹಿತ್ತಲಿನಿಂದ ಬಂದ. ಪೊಟ್ಟಣ ನೋಡಿ ಅವನ ಮುಖದಲ್ಲಿ ಹೆಮ್ಮೆಯೇ ಕಂಡಿತು. “ಅದಾ? ಅವಧಿ ಮುಗಿದುಹೋಗಿತ್ತಲ್ಲ, ಅದಕ್ಕೇ ಉಪಯೋಗಿಸ್ಲಿಲ್ಲ. ಮರಕ್ಕೆ ಕಟ್ಟಿದೆ.”

ಮನೆಯ ಮುಂದಿನ ಅಂಜೂರದ ಮರದಲ್ಲಿ ನಾಲ್ಕು ಡಿಸ್ಕುಗಳು ದಾರದಲ್ಲಿ ತೂಗುತ್ತಿದ್ದವು. ಹಕ್ಕಿಗಳು ಹಣ್ಣಿಗೆ ಬಾರದಿರಲಿ ಎಂದು ಗಂಡ ಕಟ್ಟಿದ್ದು. ಅವು ಯಾವುದೋ ಹಳೆಯ ಹಾಡಿನ ಡಿಸ್ಕುಗಳೆಂದೇ ಅವಳು ತಿಳಿದಿದ್ದಳು. ಇಳಿಸಿ ನೋಡಿದರೆ ಹೊಳಪಿನ ಪದರ ಬಿಸಿಲಿಗೆ ಎದ್ದುಹೋಗಿ ಒಂದರ ಮೂಲಕ ಆಕಾಶವೇ ಕಾಣುತ್ತಿತ್ತು. ಬೈಯೋಣವೆಂದರೆ ಬಾಯಿಗೆ ಬಂದ ಬೈಗುಳವೆಲ್ಲ ಆ ಗುಂಡು ಅಕ್ಷರದವಳಿಗೇ ಸಲ್ಲಬೇಕಿತ್ತು. ಮಾಡಿದ್ದುಣ್ಣೋ ಮಹರಾಯ.

ಇಲ್ಲಿ ಇನ್ನೊಬ್ಬಳ ವಿಷಯ ಹೇಳಲೇಬೇಕು. ಎದುರು ಮನೆಯಲ್ಲಿ ಹಬೆಯಕ್ಕ ಇದ್ದಾಳೆ. ಅದೇ ಆಸ್ಪತ್ರೆ, ಅದೇ ಕೋಣೆ. ಇವಳು ಕಟ್ಟಿದ ಪೊಟ್ಟಣಗಳನ್ನು ಸಣ್ಣ ಕಿಟಕಿಯಿಂದ ತೆಗೆದುಕೊಂಡು ಹಬೆಯ ಯಂತ್ರದಲ್ಲಿ ಬೇಯಿಸುವವಳು ಅವಳು. ಇಬ್ಬರದೂ ಒಂದೇ ಜೀವ ಎನ್ನುವಂಥ ಸ್ನೇಹವಿತ್ತು. ಮೂರು ವರ್ಷದ ಹಿಂದೆ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾಡೆಲ್ ಲ್ಯಾಪ್‌ಟಾಪ್ ಕೊಂಡಿದ್ದರು. ಆಮೇಲೆ ಮರಕ್ಕೆ ಡಿಸ್ಕು ಬಂತು. ಬೆಳಗಿನ ಬಿಸಿಲು ಅದಕ್ಕೆ ಬಡಿದು ನೇರ ಹಬೆಯಕ್ಕನ ಅಡುಗೆಮನೆಗೆ ನುಗ್ಗುತ್ತಿತ್ತು. ಒಲೆಯ ಮುಂದೆ ನಿಂತರೆ ಕಣ್ಣು ಕುಕ್ಕುತ್ತದೆ, ತೆಗೆಸು ಎಂದಳು ಅವಳು. “ನಮ್ಮ ಮರ, ನಮ್ಮಿಷ್ಟ. ಬೇಕಾದ್ರೆ ಕಿಟಕಿಗೆ ಪರದೆ ಹಾಕ್ಕೋ,” ಎಂದುಬಿಟ್ಟಳು ಇವಳು. ಮಾತು ಹೊರಬೀಳುವಾಗಲೇ ತಪ್ಪೆಂದು ಗೊತ್ತಿತ್ತು. ಆದರೆ ಆಡಿದ ಮಾತು, ಒಡೆದ ಮುತ್ತು. ಹದಿನಾಲ್ಕು ತಿಂಗಳಿಂದ ಆ ಸಣ್ಣ ಕಿಟಕಿಯ ಅತ್ತ ಒಬ್ಬಳು, ಇತ್ತ ಒಬ್ಬಳು, ನಡುವೆ ಮಾತಿಲ್ಲ. “ಸರ್, ಅವರಿಗೆ ಹೇಳಿ, ಪೊಟ್ಟಣ ಒದ್ದೆ ಇದೆ” ಎಂದು ಮೂರಡಿ ದೂರದಿಂದ ಮೇಲ್ವಿಚಾರಕನ ಮೂಲಕ ಹೇಳಿಸುವುದು.

ಸಹಾಯವಾಣಿಯ ಹುಡುಗಿ ಕೊನೆಗೆ ಹೇಳಿದ್ದಿಷ್ಟು: “ಇದೇ ಮಾಡೆಲ್ ಇನ್ಯಾರ ಹತ್ರಾನಾದ್ರೂ ಇದ್ರೆ, ಅದರಲ್ಲಿ ಡಿಸ್ಕ್ ಮಾಡಿ ನಿಮ್ಮದಕ್ಕೆ ಹಾಕ್ಬಹುದು. ಆದ್ರೆ ಒಂದು ಲ್ಯಾಪ್‌ಟಾಪ್ ಒಂದೇ ಸಲ ಮಾಡ್ಕೊಡುತ್ತೆ. ಕೆಟ್ರೆ ಮತ್ತೆ ಆಗಲ್ಲ.”

ಲೆಕ್ಕದಕ್ಕ ಸತ್ತ ಲ್ಯಾಪ್‌ಟಾಪನ್ನು ಜ್ವರ ಬಂದ ಕೂಸಿನಂತೆ ಎದೆಗೆ ಒತ್ತಿಕೊಂಡು ರಸ್ತೆ ದಾಟಿದಳು. ಹನ್ನೆರಡು ಹೆಜ್ಜೆ. ಹದಿನಾಲ್ಕು ತಿಂಗಳಲ್ಲಿ ಅವಳು ಎಣಿಸದೆ ಬಿಟ್ಟಿದ್ದ ಹೆಜ್ಜೆಗಳು ಅವು.

ಬಾಗಿಲು ತೆಗೆದದ್ದು ಹಬೆಯಕ್ಕನ ಅತ್ತೆ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜಾಗಿದ್ದರೂ ನಾಲಗೆ ಹರಿತ. “ಬಂದ್ಯಾ? ನಾನು ಸಾಯೋದ್ರೊಳಗೆ ಬರ್ತೀಯೋ ಇಲ್ವೋ ಅಂದ್ಕೊಂಡಿದ್ದೆ,” ಎಂದು ದಾರಿ ಬಿಟ್ಟಳು. ಹಿಂದೆ ಹಬೆಯಕ್ಕ ಪರೀಕ್ಷೆಯ ಪುಸ್ತಕ ಹಿಡಿದು ನಿಂತಿದ್ದಳು. ಮುಖ ಗಂಟು.

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಕೈಕೊಟ್ಟವು. “ಆ ಡಿಸ್ಕು ನಂದೇ. ಪರದೆ ಹಾಕ್ಕೋ ಅಂದಿದ್ದು ತಪ್ಪು. ಅವತ್ತೇ ಗೊತ್ತಿತ್ತು ತಪ್ಪು ಅಂತ. ಇದು ಸತ್ತಿದೆ, ನಾಲ್ಕು ಗಂಟೆಗೆ ಪರೀಕ್ಷೆ,” ಎಂದು ಒಂದೇ ಉಸಿರಿನಲ್ಲಿ ಸುರಿದಳು.

“ತಪ್ಪು ಒಪ್ಕೊಳ್ಳೋಕೆ ಬಂದ್ಯೋ, ಲ್ಯಾಪ್‌ಟಾಪಿಗೆ ಬಂದ್ಯೋ?” ಎಂದಳು ಹಬೆಯಕ್ಕ.

ಲೆಕ್ಕದಕ್ಕ ಸುಳ್ಳು ಲೆಕ್ಕ ಕೊಡುವವಳಲ್ಲ. “ಲ್ಯಾಪ್‌ಟಾಪಿಗೆ ಬಂದೆ. ನಿನ್ನ ಮುಖ ನೋಡಿದ ಮೇಲೆ ಇನ್ನೊಂದೂ ಬಂತು.”

ಹಬೆಯಕ್ಕನ ತುಟಿಯ ಮೂಲೆ ಅಲುಗಿತು. “ಬೇರೆ ಏನಾದ್ರೂ ಹೇಳಿದ್ರೆ ಬಾಗ್ಲು ಹಾಕ್ತಿದ್ದೆ. ಒಳಗೆ ಬಾ. ಏನಾಯ್ತು, ಸರಿಯಾಗಿ ಹೇಳು.”

ಹೇಳಿದಳು. ಕೆಂಪು ಪೆಟ್ಟಿಗೆ ತೊಳೆದದ್ದು, ಡಿಸ್ಕಿಗೆ ಆರು ತಿಂಗಳ ಅವಧಿ ಬರೆದದ್ದು, ಗಂಡ ಅದನ್ನು ಭಕ್ತಿಯಿಂದ ಪಾಲಿಸಿದ್ದು. ಅವಧಿಯ ಮಾತು ಬರುತ್ತಲೇ ಹಬೆಯಕ್ಕ ಗೋಡೆ ಹಿಡಿದು ಕುಸಿದಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. “ಡಿಸ್ಕಿಗೆ! ಡಿಸ್ಕಿಗೆ ಅವಧಿ ಬರೆದ್ಯಲ್ಲೇ! ಒಂದು ಸಲ ಹಬೇಲಿ ಬೇಯಿಸಿ ಕೊಡು ಅಂತ ನನ್ನ ಹತ್ರ ಯಾಕೆ ತರ್ಲಿಲ್ಲ?” ಲೆಕ್ಕದಕ್ಕನೂ ನಕ್ಕಳು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ನಗು ಇಳಿದ ಮೇಲೆ ಲೆಕ್ಕದಕ್ಕ ಇನ್ನೊಂದು ಮಾತು ಹೇಳಲೇಬೇಕಾಯಿತು. “ನಿನ್ನ ಪರೀಕ್ಷೆನೂ ನಿನ್ನ ಲ್ಯಾಪ್‌ಟಾಪಲ್ಲೇ, ನಾಲ್ಕಕ್ಕೇ. ಅದರಲ್ಲಿ ನಂಗೆ ಡಿಸ್ಕು ಮಾಡೋಕೆ ಎರಡು ಗಂಟೆ ಬೇಕಂತೆ. ಬಿಸಿಯಾಗಿ ನಿಂದೂ ನಿಂತುಹೋದ್ರೆ?”

“ನಿಂತ್ರೆ ಇಬ್ರೂ ಕೆಳಗೆ ಹೋಗಿ ಬಟ್ಟೆ ಮಡಿಸೋಣ. ನೀನಿಲ್ದೆ ಮೇಲೆ ನಂಗೇನು ಕೆಲಸ? ಯಾವಳೋ ಹೊಸಬಳು ಐದು ಇಕ್ಕಳ ಕಳಿಸಿ ಆರು ಅಂತ ಬರೀತಾಳೆ,” ಎಂದು ಹಬೆಯಕ್ಕ ತನ್ನ ಲ್ಯಾಪ್‌ಟಾಪ್ ತೆರೆದಳು. ಅವಳೂ ಎಲ್ಲರಂತೆ ಮೂರು ವರ್ಷದಿಂದ ‘ಆಮೇಲೆ’ ಒತ್ತುತ್ತಲೇ ಬಂದವಳು. ಅದಕ್ಕೇ ಆ ಒಂದು ಅವಕಾಶ ಇನ್ನೂ ಉಳಿದಿತ್ತು.

ಖಾಲಿ ಡಿಸ್ಕು ತರಲು ಲೆಕ್ಕದಕ್ಕನ ಗಂಡ ಓಡಿದ. ಮದುವೆ ವೀಡಿಯೊ ತುಂಬಿಸಿಕೊಡಲು ಡಿಸ್ಕು ಇಟ್ಟುಕೊಂಡಿದ್ದ ಮೂಲೆಯ ಫೋಟೊ ಸ್ಟುಡಿಯೊದವನು ಹನ್ನೊಂದಕ್ಕೆ ಬಾಗಿಲು ತೆಗೆದು, “ಮದುವೆ ಯಾರದು?” ಎಂದನಂತೆ. “ಹಳೇ ಜೋಡಿದೇ, ಮತ್ತೆ ಕೂಡಿಸ್ತಿದೀವಿ,” ಎಂದು ಹೇಳಿ ಬಂದೆ ಎಂದ ಗಂಡ. ತಪ್ಪಿತಸ್ಥನಾದರೂ ನಾಲಗೆ ಸುಮ್ಮನಿರದು.

ಮೊದಲ ಡಿಸ್ಕು ಗುಂಯ್ ಎನ್ನುತ್ತ ತಿರುಗಿತು. ಯಂತ್ರ ಬಿಸಿಯಾಗದಿರಲೆಂದು ಅತ್ತೆ ಪಕ್ಕದಲ್ಲಿ ಕೂತು ಹಳೆಯ ಪತ್ರಿಕೆಯಿಂದ ಗಾಳಿ ಹಾಕಿದಳು. ಅತಿಥಿಗಳಿಗೂ ಅವಳು ಅಷ್ಟು ಉಪಚಾರ ಮಾಡಿದ್ದು ಯಾರೂ ಕಂಡಿರಲಿಲ್ಲ. ಇವರಿಬ್ಬರೂ ನೆಲದ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿದರು. ಹಬೆ ಎಷ್ಟು ಹೊತ್ತು, ಎಷ್ಟು ಬಿಸಿ ಎಂದರೆ ಹಬೆಯಕ್ಕನಿಗೆ ನೀರು ಕುಡಿದಷ್ಟು ಸುಲಭ. ಹಿಂದಿನ ಸಲ ಲೆಕ್ಕದಕ್ಕ ಜಾರಿದ್ದು ಸರಿಯಾಗಿ ಅಲ್ಲೇ. ಬಾಗಿದ ಕತ್ತರಿಗೂ ನೇರ ಕತ್ತರಿಗೂ ಎಲ್ಲಿ ಕೊಳೆ ಕೂರುತ್ತದೆಂದರೆ ಲೆಕ್ಕದಕ್ಕನಿಗೆ ಅಂಗೈ ಮೇಲಿನ ಗೆರೆ. ಹಬೆಯಕ್ಕ ಎಡವಿದ್ದು ಅಲ್ಲಿ. ಹದಿನಾಲ್ಕು ತಿಂಗಳು ಒಬ್ಬೊಬ್ಬಳೇ ಓದಿ ತಲೆಗೆ ಹತ್ತದಿದ್ದದ್ದು ಎರಡು ಗಂಟೆಯಲ್ಲಿ ಹತ್ತಿತು.

ಒಂದೂಮುಕ್ಕಾಲಿಗೆ ನಾಲ್ಕೂ ಡಿಸ್ಕು ಮುಗಿದವು. ಲೆಕ್ಕದಕ್ಕ ಮೊದಲನೆಯದನ್ನು ತನ್ನ ಲ್ಯಾಪ್‌ಟಾಪಿನ ಬಾಯಿಗೆ ಕೊಟ್ಟಳು. ಕಪ್ಪು ಪರದೆಯ ಮೇಲೆ ನೀಲಿ ಪಟ್ಟಿಯೊಂದು ಮೂಡಿ ಇರುವೆ ನಡೆದಂತೆ ನಡೆಯತೊಡಗಿತು. ಒಂದು ಮುಗಿಯಿತು, ಎರಡು ಮುಗಿಯಿತು. ಮೂರನೆಯದು ಶೇಕಡಾ ಅರವತ್ತಮೂರರಲ್ಲಿ ನಿಂತಿತು.

ನಿಂತೇ ಇತ್ತು. ಗಂಟೆ ಎರಡೂ ಐವತ್ತು. ಮೂರು. ಮೂರೂ ಐದು.

“ತೆಗೆದು ಒರೆಸಿ ಹಾಕ್ಲಾ?” ಎಂದು ಲೆಕ್ಕದಕ್ಕ ಕೈ ಚಾಚಿದಳು.

ಹಬೆಯಕ್ಕ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಮುಟ್ಬೇಡ. ಬೆಳಿಗ್ಗೆಯಿಂದ ತೊಳೆದಿದ್ದು ಸಾಕು. ಹಬೆ ಯಂತ್ರದ ಬಾಗ್ಲು ಮಧ್ಯದಲ್ಲಿ ತೆಗೀಬಾರದು ಅಂತ ನಿಂಗೆ ಹೇಳಿಕೊಟ್ಟಿದ್ಯಾರು? ಕಾಯೋದೂ ಒಂದು ಕೆಲಸ ಕಣೆ.”

ಲೆಕ್ಕದಕ್ಕ ಕಾದಳು. ಜೀವ ಬಾಯಿಗೆ ಬಂದಿತ್ತು, ಆದರೂ ಆ ಕೈಯೊಳಗೆ ಕೈಯಿಟ್ಟು ಕೂತಿರುವುದು ಹಿತವಾಗಿತ್ತು. ಮೂರೂ ಒಂಬತ್ತಕ್ಕೆ ಅರವತ್ತನಾಲ್ಕಾಯಿತು. “ಅರವತ್ತನಾಲ್ಕು!” ಎಂದು ಇಬ್ಬರೂ ಕಿರುಚಿದ ಜೋರಿಗೆ ಅತ್ತೆಯ ಕೈಯ ಪತ್ರಿಕೆ ಕೆಳಗೆ ಬಿತ್ತು.

ಮೂರೂ ನಲವತ್ತಕ್ಕೆ ಲ್ಯಾಪ್‌ಟಾಪು ಅಂಗಡಿಯಿಂದ ಬಂದ ದಿನದಂತೆ ಕಣ್ಣುಬಿಟ್ಟು ‘ಸ್ವಾಗತ’ ಎಂದಿತು. ಭಾಷೆ ಯಾವುದು, ಗಂಟೆ ಎಷ್ಟು, ನಿಮ್ಮ ಹೆಸರೇನು ಎಂದು ಆರಾಮವಾಗಿ ವಿಚಾರಿಸತೊಡಗಿತು. ಇತ್ತ ಇವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಪರೀಕ್ಷೆಯ ಕಿಟಕಿ ತೆರೆದಾಗ ಮೂರೂ ಐವತ್ತಾರು. ‘ಈ ಯಂತ್ರ ನೋಂದಾಯಿತವಾಗಿದೆ’ ಎಂದು ಹಸಿರು ಅಕ್ಷರ ಬಂತು. ಮನೆಗೆ ಓಡುವಷ್ಟು ಸಮಯವಿರಲಿಲ್ಲ. ಬರೆಯುವವರ ಹತ್ತಿರ ಇನ್ನೊಬ್ಬರು ಇರಬಾರದೆಂಬ ನಿಯಮವಿದ್ದುದರಿಂದ ಹಬೆಯಕ್ಕ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕದ ಹಾಕಿಕೊಂಡಳು. ಅತ್ತೆಯನ್ನೂ ಗಂಡನನ್ನೂ ಜಗಲಿಗೆ ಅಟ್ಟಿದ್ದಾಯಿತು.

ಐವತ್ತು ಪ್ರಶ್ನೆ, ಒಂದು ಗಂಟೆ. ಹಬೆಯ ಪ್ರಶ್ನೆಗಳು ಬಂದಾಗಲೆಲ್ಲ ಲೆಕ್ಕದಕ್ಕನ ಕಿವಿಯಲ್ಲಿ ಹಬೆಯಕ್ಕನ ದನಿಯೇ ಉತ್ತರ ಹೇಳಿತು. ಕೊನೆಯ ಗುಂಡಿ ಒತ್ತಿದಾಗ ಪರದೆ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಬಂತು: ಉತ್ತೀರ್ಣ, ನಲವತ್ತನಾಲ್ಕು.

ಕುಣಿದಾಡಬೇಕಿತ್ತು. ಅವಳು ಕುಣಿಯಲಿಲ್ಲ. ಅಡುಗೆಮನೆಯ ಕದದ ಕಡೆ ತಿರುಗಿ ಕೂತಳು. ಒಳಗಿನಿಂದ ಒಂದು ಸದ್ದೂ ಇಲ್ಲ. ಯಂತ್ರ ಬಿಸಿಯಾಗಿ ನಿಂತುಹೋಗಿದ್ದರೆ? ತನಗೋಸ್ಕರ ಅವಳದು ಹೋದರೆ? ನಲವತ್ತನಾಲ್ಕು ಎಂಬ ಸಂಖ್ಯೆ ಅವಳ ಕಣ್ಣಿಗೆ ಏನೂ ಅಲ್ಲದಂತೆ ಕಂಡಿತು. ಅದನ್ನು ಹೇಳಿಕೊಳ್ಳಬೇಕಾದವಳು ಆ ಕದದ ಹಿಂದೆ ಇದ್ದಳು.

ಕದ ತೆರೆಯಿತು. ಹಬೆಯಕ್ಕ ಮುಖ ಇಳಿಬಿಟ್ಟುಕೊಂಡು ನಿಂತಿದ್ದಳು.

“ನಿಂದೆಷ್ಟು?” ಎಂದಳು ಹಬೆಯಕ್ಕ.

“ನಲವತ್ತನಾಲ್ಕು. ನಿಂದು?”

“ನಲವತ್ತಾರು,” ಎಂದವಳೇ ಮುಖವೆಲ್ಲ ಬಾಯಾಗಿ ನಕ್ಕಳು. “ಎರಡು ಜಾಸ್ತಿ!”

ತನ್ನ ಅಂಕಕ್ಕೆ ಬಾರದ ಅಳು ಲೆಕ್ಕದಕ್ಕನಿಗೆ ಈಗ ಬಂತು. ಎದ್ದು ಹೋಗಿ ಅವಳ ತೋಳಿಗೆ ಎರಡು ಏಟು ಹಾಕಿ, ಆಮೇಲೆ ಅದೇ ತೋಳನ್ನು ತಬ್ಬಿಕೊಂಡಳು. “ನಿನ್ನ ಜೊತೆ ಮಾತಾಡದೆ ಒಂದು ದಿನಾನೂ ಚೆನ್ನಾಗಿರ್ಲಿಲ್ಲ ಕಣೆ,” ಎಂದಳು ಮೂಗೊರೆಸಿಕೊಳ್ಳುತ್ತ. “ನಂಗೆ ಮಾತ್ರ ಚೆನ್ನಾಗಿತ್ತಾ?” ಎಂದಳು ಅವಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಬೆನ್ನಿಗೆ ಗೋಡೆ ಕೊಟ್ಟು ಕೂತರು. ಯಾರ ಮೊಣಕಾಲು ನೋವು ಈಗ ಹೇಗಿದೆ, ಮೇಲ್ವಿಚಾರಕನ ಹೊಸ ಕನ್ನಡಕ ಎಷ್ಟು ಅಧ್ವಾನ, ಅತ್ತೆ ಚಳಿಗಾಲದಲ್ಲಿ ಎಷ್ಟು ಹೆದರಿಸಿಬಿಟ್ಟಳು ಎಂದು ಶುರುವಾಯಿತು.

ಜಗಲಿಯಿಂದ ಗಂಡ ಕಿಟಕಿಗೆ ಬಾಯಿಟ್ಟು ಕೂಗಿದ. “ಆರು ಗಂಟೆ ಆಯ್ತು! ಇನ್ನೂ ಮುಗಿದಿಲ್ವಾ?”

“ಇಲ್ಲ!” ಎಂದರು ಇಬ್ಬರೂ ಒಟ್ಟಿಗೆ.