ಬರೆಯಲು ಅನುಮತಿ ಇಲ್ಲ

ತ್ಯಾಮಗೊಂಡ್ಲಿನಿಂದ ದಾಬಸ್‌ಪೇಟೆಗೆ ಹೋಗುವ ರಸ್ತೆಯಲ್ಲಿ, ಹಾಲಿನ ಡೇರಿ ಮುಂದಿನ ತಿರುವಿನಲ್ಲಿ ಆಂಜಿನಪ್ಪ ಸತ್ತ. ನಸುಕಿನಲ್ಲೇ ಹಾಲು ಹಾಕಲು ಮೊಪೆಡ್ಡಿನಲ್ಲಿ ಬರುತ್ತಿದ್ದವನಿಗೆ ಹಿಂದಿನಿಂದ ಯಾವುದೋ ಗಾಡಿ ಗುದ್ದಿ ಹೋಗಿತ್ತು. ರಸ್ತೆಗೆ ಚೆಲ್ಲಿದ್ದ ಜಲ್ಲಿ ನೋಡಿ ಟಿಪ್ಪರೇ ಇರಬೇಕೆಂದರು ಪೊಲೀಸರು. ಡೇರಿ ಬಾಗಿಲು ತೆಗೆಯಲು ನವ್ಯಶ್ರೀ ಬರುವಷ್ಟರಲ್ಲಿ ಜನ ಸೇರಿದ್ದರು. ಕ್ಯಾನಿನ ಹಾಲೆಲ್ಲ ಮಣ್ಣಿಗೆ ಇಂಗಿತ್ತು. ಆಂಜಿನಪ್ಪನ ಮೈ ತಣ್ಣಗಾಗಿತ್ತು.

ಕ್ಯಾನು ಕಳುವಾಗುತ್ತವೆಂದು ಹಿಂದಿನ ವರ್ಷ ಡೇರಿ ಗೋಡೆಗೆ ಕ್ಯಾಮೆರಾ ಹಾಕಿಸಿದ್ದರು. ಅದರ ಮುಖ ಆ ತಿರುವಿನ ಕಡೆಗೇ ಇತ್ತು. ಪೊಲೀಸರು ಅದನ್ನು ನೋಡಿ, "ವಿಡಿಯೋ ಕಾಪಿ ಮಾಡಿ ಸ್ಟೇಷನ್ನಿಗೆ ತಂದ್ಕೊಡಿ" ಎಂದು ಹೇಳಿ ಹೋದರು. ಹಾಲಿನ ಫ್ಯಾಟ್ ಅಳೆದು ಕಂಪ್ಯೂಟರಿಗೆ ಹಾಕುವವಳು ನವ್ಯಶ್ರೀ. ಹೀಗಾಗಿ ಆ ಕೆಲಸವೂ ಅವಳ ಪಾಲಿಗೇ ಬಂತು.

ಪರದೆಯ ಮೇಲೆ ಕಾಣುತ್ತಿದ್ದದ್ದು ಆಯಾ ಕ್ಷಣದ ರಸ್ತೆ ಮಾತ್ರ. ಹಳೆಯದನ್ನು ನೋಡಬೇಕಾದರೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು. ಅವಳು ಆ ಬೆಳಗಿನ ಭಾಗ ಹುಡುಕಿ ಡೌನ್‌ಲೋಡ್ ಒತ್ತಿದಳು. ಹಸಿರು ಪಟ್ಟಿ ತುಸು ದೂರ ಓಡಿ ಕೆಂಪಾಯಿತು. ನೆಟ್ ಸರಿಯಿಲ್ಲವೆಂದುಕೊಂಡಳು. ಸಂಜೆ ಹಾಲಿನವರೆಲ್ಲ ಹೋದ ಮೇಲೆ ಮತ್ತೆ ಒತ್ತಿದಳು. ಮತ್ತೆ ಕೆಂಪು. ಕೆಳಗೆ, ಡಿಸ್ಕಿಗೆ ಬರೆಯಲಾಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲೊಂದು ಬಂದಿತ್ತು. ಡಿಸ್ಕು ತುಂಬಿರಬೇಕೆಂದು ಹಳೆಯ ಫೈಲುಗಳನ್ನೆಲ್ಲ ಅಳಿಸಿದಳು, ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಪೆನ್‌ಡ್ರೈವ್ ಚುಚ್ಚಿದರೆ ಅದನ್ನೂ ಒಪ್ಪಲಿಲ್ಲ. ಹಿಂದೊಮ್ಮೆ ವೈರಸ್ ಬಂದು ಎಲ್ಲ ಹಾಳಾದ ಮೇಲೆ ಡೇರಿಯ ಅಧ್ಯಕ್ಷರು ಪೆನ್‌ಡ್ರೈವ್ ಓದದಂತೆ ಪಾಸ್‌ವರ್ಡ್ ಹಾಕಿಸಿದ್ದರು. ಅಧ್ಯಕ್ಷರನ್ನು ಕೇಳಿದರೆ, "ಪಾಸ್‌ವರ್ಡ್ ನಂಗೇನಮ್ಮ ಗೊತ್ತು, ಕ್ಯಾಮೆರಾ ಹಾಕ್ದೋನ್ನ ಕೇಳು" ಎಂದರು. ಕ್ಯಾಮೆರಾ ಹಾಕಿದ ನೆಲಮಂಗಲದ ಕೆಂಪರಾಜ್ ಫೋನಿಗೇ ಸಿಗಲಿಲ್ಲ.

ಮೂರನೇ ದಿನದ ಹಾಲುತುಪ್ಪ ಬಿಟ್ಟ ಮಾರನೆಯ ದಿನ ಆಂಜಿನಪ್ಪನ ಹೆಂಡತಿ ಅಶ್ವತ್ಥಮ್ಮ ಡೇರಿಗೆ ಬಂದಳು. ಹಾಲಿನ ಚೊಂಬನ್ನು ಕೆಳಗಿಟ್ಟು, "ನವ್ಯಾ, ಆ ಲಾರಿ ನಂಬರ್ ಸಿಕ್ತೇನಮ್ಮ?" ಎಂದಳು.

"ನೋಡ್ತಾ ಇದೀನಕ್ಕ, ಕಂಪ್ಯೂಟ್ರು ತಗೋತಾ ಇಲ್ಲ."

"ತಗೊಳ್ಳತ್ತೆ ಬಿಡು. ನಿನ್ ಕೈಲಾಗತ್ತೆ."

ರಾತ್ರಿ ತಟ್ಟೆಯ ಮುಂದೆ ಕೂತೂ ನವ್ಯಶ್ರೀ ಕೆಂಪರಾಜನ ನಂಬರನ್ನೇ ಒತ್ತುತ್ತಿದ್ದಳು. ಅವಳ ಗಂಡ ಅನಿಲ್‌ಕುಮಾರ್, "ಹೋದ ಜೀವ ವಾಪಸ್ ಬರುತ್ತಾ? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ?" ಎಂದು ಟಿವಿ ಜೋರು ಮಾಡಿದ.

ಕೊನೆಗೆ, ವಾರ ತುಂಬುತ್ತಾ ಬಂದ ಒಂದು ಮಧ್ಯಾಹ್ನ ಕೆಂಪರಾಜನೇ ಫೋನ್ ಮಾಡಿದ. ಮನೆಯವರ ಜೊತೆ ಶಿವಗಂಗೆಗೆ ಹೋಗಿದ್ದನಂತೆ. ಬಂದವನೇ ಜ್ವರ ಹಿಡಿದು ಮಲಗಿದ್ದನಂತೆ. ಅವಳು ಆ ಇಂಗ್ಲಿಷ್ ಸಾಲನ್ನು ಓದಿ ಹೇಳಿದಳು.

"ಮೇಡಂ, ಡಿಸ್ಕ್ ತುಂಬಿಲ್ಲ, ನೆಟ್ಟೂ ಸರಿ ಇದೆ. ಅದು ಸೇವ್ ಆಗೋ ಫೋಲ್ಡರಲ್ಲಿ ಬರೆಯೋ ಪರ್ಮಿಷನ್ ನಿಮ್ ಲಾಗಿನ್‌ಗೆ ಇಲ್ಲ. ಸೆಟ್ಟಿಂಗ್ಸಲ್ಲಿ ಜಾಗ ಬದಲಾಯ್ಸಿ, ನಿಮ್ದೇ ಒಂದು ಫೋಲ್ಡರ್ ಕೊಡಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಆದ್ರೆ ಬೇಗ ಮಾಡಿ. ಹೆಚ್ಚುಕಮ್ಮಿ ಒಂದ್ ವಾರ ಆದ್ರೆ ಹಳೇದನ್ನ ಅಳಿಸ್ಕೊಂಡು ಹೊಸ್ದು ಕೂರುತ್ತೆ."

ಫೋನಿಡುವ ಮೊದಲೇ ಅವಳು ಸೆಟ್ಟಿಂಗ್ಸ್ ತೆರೆದಳು. ಜಾಗ ಬದಲಾಯಿಸಿ ಒತ್ತಿದಳು. ಪಟ್ಟಿ ಎಲ್ಲೂ ನಿಲ್ಲದೆ ಕೊನೆಯವರೆಗೂ ಓಡಿತು. ತೆರೆದು ನೋಡಿದಳು. ಆ ದಿನದ ಮೊದಲ ಭಾಗ ಆಗಲೇ ಅಳಿದುಹೋಗಿತ್ತು. ಟಿಪ್ಪರ್ ಇರಲಿಲ್ಲ. ಉಳಿದ ಭಾಗ ಶುರುವಾಗುತ್ತಿದ್ದದ್ದೇ ಆಂಜಿನಪ್ಪ ರಸ್ತೆಯಂಚಿನಲ್ಲಿ ಬಿದ್ದಿರುವಲ್ಲಿಂದ.

ಅವನು ಬದುಕಿದ್ದ. ಡೇರಿಯ ದೀಪದ ಬೆಳಕಿನಲ್ಲಿ ಒಂದು ಕೈ ಮೇಲಕ್ಕೆದ್ದು ಬಿದ್ದದ್ದು ಚೆನ್ನಾಗಿ ಕಾಣುತ್ತಿತ್ತು. ತರಕಾರಿ ಗಾಡಿಯೊಂದು ಅವನನ್ನು ಬಳಸಿಕೊಂಡು ಹೋಯಿತು. ಕಾರೊಂದು ಹೋಯಿತು. ಆಮೇಲೆ ಬಂದ ಬೈಕು ನಿಧಾನವಾಯಿತು, ನಿಂತಿತು. ಸವಾರ ಒಂದು ಕಾಲು ನೆಲಕ್ಕೂರಿ ಬಗ್ಗಿ ನೋಡಿದ. ಕೈ ಮತ್ತೆ ಎದ್ದಿತು. ಸವಾರ ಹಿಂದೆ ಮುಂದೆ ನೋಡಿ ಗೇರ್ ಹಾಕಿಕೊಂಡು ಹೊರಟುಹೋದ. ಅವನ ಬೆನ್ನಿಗೆ ನೇತುಬಿದ್ದಿದ್ದ ಊಟದ ಚೀಲ ನವ್ಯಶ್ರೀಯೇ ಹೊಲಿದದ್ದು.

ಸಂಜೆ ಫ್ಯಾಕ್ಟರಿಯಿಂದ ಬಂದ ಅನಿಲ್‌ಕುಮಾರನ ಮುಂದೆ ಅವಳು, ಕಂಪ್ಯೂಟರಿನಿಂದ ನೆಟ್ಟಿನಲ್ಲಿ ಕಳಿಸಿಕೊಂಡಿದ್ದ ವಿಡಿಯೋ ಹಚ್ಚಿ ಫೋನ್ ಹಿಡಿದಳು. ಅವನು ಪೂರ್ತಿ ನೋಡಲಿಲ್ಲ.

"ಶಿಫ್ಟಿಗೆ ಲೇಟಾಗಿತ್ತು ಕಣೇ. ಕುಡ್ದು ಬಿದ್ದವ್ರೆ ಅನ್ಕೊಂಡೆ."

"ಕೈ ಎತ್ತಿದ್ರಲ್ಲ ರೀ."

ಅವನು ಗೋಡೆ ನೋಡಿದ. "ಮುಟ್ಟಿದ್ರೆ ಕೇಸು, ಸ್ಟೇಷನ್ನು ಅಂತ ಅಲೆಸ್ತಾರೆ. ಹೆದರಿಕೆ ಆಯ್ತು. ನಾನೊಬ್ನೇ ಹೋದ್ನಾ? ಎಲ್ರೂ ಹೋದ್ರು."

"ಎಲ್ರೂ ಚಟ್ಟಕ್ಕೆ ಹೆಗಲು ಕೊಡ್ಲಿಲ್ಲ. ನೀವು ಕೊಟ್ರಿ."

ಊಟದ ಚೀಲವನ್ನು ಮೊಳೆಗೆ ನೇತುಹಾಕಿ ಅವನು, "ಲಾರಿ ನಂಬರಂತೂ ಇಲ್ಲ. ಇನ್ಯಾಕೆ ಅದು? ಅಳ್ಸಾಕ್ಬಿಡು" ಎಂದ. ಗದರಿಕೆ ಇರಲಿಲ್ಲ ಆ ದನಿಯಲ್ಲಿ, ಬೇಡಿಕೆಯಿತ್ತು. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು.

ಅವಳು ಅಳಿಸಲಿಲ್ಲ. ಬೆಳಿಗ್ಗೆ ಠಾಣೆಗೆ ಕೊಟ್ಟಳು. ಅಲ್ಲಿದ್ದವರು ನೋಡಿ, "ಇದ್ರಲ್ಲಿ ಗಾಡಿನೇ ಇಲ್ವಲ್ಲಮ್ಮ" ಎಂದು ಪಕ್ಕಕ್ಕಿಟ್ಟರು. ಅಲ್ಲಿಂದ ನೇರ ಅಶ್ವತ್ಥಮ್ಮನ ಮನೆಗೆ ಹೋದಳು. "ಲಾರಿ ಸಿಗ್ಲಿಲ್ಲಕ್ಕ. ಸಿಕ್ಕಿರೋದು ನೋಡೋಕಾಗಲ್ಲ" ಎಂದು ಮೊದಲೇ ಹೇಳಿದಳು. ಆದರೂ ಅಶ್ವತ್ಥಮ್ಮ ಕೈ ಚಾಚಿದಳು.

ಅವಳು ಅಳಲಿಲ್ಲ. ಗಂಡನ ಕೈ ಮೇಲೆದ್ದಾಗ ಅವಳ ಬೆರಳು ಪರದೆಯನ್ನು ಮುಟ್ಟಿತು. ಬೈಕು ಬಂದಾಗ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು.

"ಇವ್ನು ನಿಮ್ ಅನಿಲ ಅಲ್ವಾ?"

"ಹೂಂ ಅಕ್ಕ. ನಮ್ಮೋರೇ."

"ನನ್ ಮಗನ ಜೊತೇಲಿ ನಿಂತು ಚಟ್ಟಕ್ಕೆ ಬಿದಿರು ಕಡ್ದ್ನಲ್ಲಮ್ಮ" ಎಂದಳು ಅಶ್ವತ್ಥಮ್ಮ. ಫೋನನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಟಿಪ್ಪರ್ ಪತ್ತೆಯಾಗಲಿಲ್ಲ. ಅಶ್ವತ್ಥಮ್ಮ ಈಗ ಪಕ್ಕದೂರಿನ ಡೇರಿಗೆ ನಡೆದುಹೋಗಿ ಹಾಲು ಹಾಕುತ್ತಾಳೆ. ನವ್ಯಶ್ರೀಯ ಮನೆಯಲ್ಲಿ ಊಟ, ನೀರು, ಮಕ್ಕಳ ಸ್ಕೂಲು ಇಷ್ಟರದ್ದೇ ಮಾತು. ಒಂದು ಭಾನುವಾರ ಅನಿಲ್‌ಕುಮಾರ್ ಬೈಕನ್ನು ಬಿಟ್ಟು ಅಶ್ವತ್ಥಮ್ಮನ ಮನೆಯವರೆಗೂ ನಡೆದುಹೋದ. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೇಲಿಯಾಚೆ ನಿಂತು ಅವನು "ಅಕ್ಕ" ಎಂದ. ಅವಳು ಕಾಯಿ ಸುಲಿಯುತ್ತಲೇ ಇದ್ದಳು. ಮೊರ ತುಂಬುವವರೆಗೂ ನಿಂತಿದ್ದು ಅವನು ಹಿಂತಿರುಗಿದ.